ಹನಿ ನೀರಿನ ಗೌರಕ್ಕ

ಗೌರಕ್ಕನಿಗೆ ಸಿಟ್ಟು ಬಂದರೆ ಬಾಯಿಗಿಂತ ಮೊದಲು ಕೈ ಮುಂದಾಗುತ್ತಿತ್ತು. ಸಾಸಲಿನ ಕಡೆಯ ಅವಳ ಗುಲಾಬಿ ತೋಟಕ್ಕೆ ನಾನು ಡ್ರಿಪ್ ಪೈಪು ಜೋಡಿಸಲು ಹೋದ ಮೊದಲ ದಿನವೇ ಒಂದು ಚೊಂಬು ನನ್ನ ಕಿವಿಯ ಪಕ್ಕದಲ್ಲಿ ಹಾರಿ ಫಿಲ್ಟರಿಗೆ ಬಡಿಯಿತು. ಗಂಡ ತೀರಿಕೊಂಡ ಮೇಲೆ ತೋಟವನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದ ಅವಳು, ಕೂಲಿಯವರು ಸಿಗುತ್ತಿಲ್ಲವೆಂದು ತಾನೇ ನನ್ನನ್ನು ಕರೆಸಿದ್ದಳು. ಮೋಟಾರು ಹಾಕಿ, ನೀರು ಬಂತು ಅಕ್ಕಾ ಎಂದು ಹೆಮ್ಮೆಯಿಂದ ಕರೆದೆ. ಅವಳು ಬಂದು ಬಗ್ಗಿ ನೋಡಿದರೆ ಗಿಡದ ಬುಡದಲ್ಲಿ ಬರೀ ತೊಟಕು ಹನಿ.

"ಇದೂ ಒಂದು ನೀರೇನಪ್ಪಾ? ಮೂಗು ಸೋರ್ದಂಗೆ ಸೋರ್ತದೆ. ಕಿತ್ಕೊಂಡು ಹೋಗು."

ನಾನು ಕೀಳಲಿಲ್ಲ. ಮಾರನೆಯ ಬೆಳಿಗ್ಗೆ ಅವಳ ಕಣ್ಣೆದುರೇ ಒಂದು ಗಿಡದ ಪಕ್ಕ ಗುದ್ದಲಿಯಿಂದ ಅಗೆದೆ. ಮೇಲೆ ಅಂಗೈಯಗಲದ ತೇವ. ಕೆಳಗಿಳಿದಷ್ಟೂ ಹಸಿ ಅಗಲವಾಗುತ್ತಾ ಹೋಗಿತ್ತು. ಗೌರಕ್ಕ ನನ್ನನ್ನು ಪಕ್ಕಕ್ಕೆ ತಳ್ಳಿ, ಮೊಣಕೈವರೆಗೂ ಕೈ ಇಳಿಸಿ, ಹಿಡಿ ಮಣ್ಣು ತೆಗೆದು ಹಿಂಡಿ ಮೂಸಿದಳು. ಸಾಲುಗಳ ನಡುವಿನ ಒಣ ನೆಲವನ್ನೂ ಕೆದಕಿದಳು. ಅಲ್ಲಿಗೆ ನೀರು ಹೋಗುವುದಿಲ್ಲ, ಹಾಗಾಗಿ ಕಳೆಯೂ ಅಷ್ಟು ಬರುವುದಿಲ್ಲ ಎಂದೆ. ಅವಳು ಕೈಯ ಮಣ್ಣು ಕೊಡವಿ, ಮುದ್ದೆ ಉಣ್ಣದೆ ಹೋಗಬೇಡ ಎಂದಳು. ತಪ್ಪು ಒಪ್ಪಿಕೊಳ್ಳುವ ಅವಳ ರೀತಿ ಅದು.

ಬೋರ್‌ವೆಲ್ ಮಾತ್ರ ಅವಳೊಬ್ಬಳದಾಗಿರಲಿಲ್ಲ. ಗಂಡನ ತಮ್ಮ ಹನುಮಂತರಾಯನ ಜೊತೆ ಪಾಲು. ದಿನ ಬಿಟ್ಟು ದಿನ ಸರದಿ. ಮಣ್ಣಿನ ಕಾಲುವೆಯಲ್ಲಿ ಹರಿಸಿ ಗಿಡಕ್ಕೆ ನೀರು ಕಟ್ಟುತ್ತಿದ್ದ ಕಾಲದಲ್ಲಿ ಕರೆಂಟು ಹೋಗುವ ಹೊತ್ತಿಗೆ ಇಬ್ಬರದೂ ಅರ್ಧ ತೋಟ ಒಣಗಿಯೇ ಇರುತ್ತಿತ್ತು. ಡ್ರಿಪ್ ಬಂದ ಮೇಲೆ ಅದೇ ಸರದಿಯಲ್ಲಿ ಗೌರಕ್ಕನ ತೋಟವೆಲ್ಲ ನೆನೆದು, ಬೀಳು ಬಿಟ್ಟಿದ್ದ ಜಾಗದಲ್ಲೂ ಗುಲಾಬಿ ಎದ್ದಿತು. ಹನುಮಂತರಾಯ ಕಾಲುವೆ ಬಿಡಲಿಲ್ಲ. ಅವನ ಕೊನೆಯ ಸಾಲುಗಳು ಸುಟ್ಟುಹೋದವು. ತನ್ನ ಸರದಿಯ ದಿನವೂ ಅತ್ತಿಗೆ ನೀರು ಕದಿಯುತ್ತಿದ್ದಾಳೆಂದು ಅವನ ತಲೆಯಲ್ಲಿ ಕೂತುಬಿಟ್ಟಿತು.

ಒಂದು ಬೇಸಿಗೆಯ ಬೆಳಿಗ್ಗೆ ನಾನು ಫಿಲ್ಟರು ತೊಳೆಯುತ್ತಿದ್ದಾಗ ಅವನು ಮಚ್ಚು ಹಿಡಿದು ತೋಟಕ್ಕೆ ನುಗ್ಗಿದ. ಸಾಲಿನ ಮೇಲೆ ಸಾಲು ಪೈಪು ಕೊಚ್ಚುತ್ತಾ ಹೋದ. ಚಿಮ್ಮಿದ ನೀರಿಗೆ ಅವನ ಪಂಚೆಯೆಲ್ಲ ಒದ್ದೆ. ಗೌರಕ್ಕ ಸಲಿಕೆ ಎತ್ತಿಕೊಂಡು ಓಡಿದಳು. ತಡೆಯಲು ಹೋದ ನನ್ನ ಎದೆಗೆ ಮೊಣಕೈಯಿಂದ ತಿವಿದಳು. ಗುಲಾಬಿ ಮುಳ್ಳಿನ ಮೇಲೆ ಬಿದ್ದೆ. ನಾನು ಏಳುವಷ್ಟರಲ್ಲಿ ಅವನು ಕೊಚ್ಚಲಿದ್ದ ಪೈಪನ್ನು ಅವಳು ಎಡಗೈಯಲ್ಲಿ ಹಿಡಿದು ಎಳೆದಿದ್ದಳು, ಮಚ್ಚು ಇಳಿದಿತ್ತು. ಅವಳ ಎರಡು ಬೆರಳು ಕೆಸರಲ್ಲಿ ಬಿದ್ದಿದ್ದವು. ಅವಳು ಬಲಗೈಯೊಂದರಲ್ಲೇ ಸಲಿಕೆ ಬೀಸಿ ಅವನ ಮೊಣಕಾಲಿನ ಕೆಳಗೆ ಹೊಡೆದಳು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಬಿದ್ದವನ ತಲೆಯ ಮೇಲೆ ಇನ್ನೊಮ್ಮೆ ಎತ್ತಿದಾಗ ನಾನು ಸಲಿಕೆಯ ಹಿಡಿಗೆ ಜೋತುಬಿದ್ದೆ.

ಸಿಕ್ಕಿದ್ದು ಒಂದೇ ಲಗೇಜ್ ಆಟೋ. ಇಬ್ಬರನ್ನೂ ಅದರಲ್ಲೇ ಹಾಕಿಕೊಂಡು, ನಡುವೆ ನಾನು ಕೂತು, ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಹೊರಟೆವು. ಅವನು ನರಳುತ್ತಿದ್ದ. ಅವಳು ಸೆರಗಿನಲ್ಲಿ ಸುತ್ತಿಕೊಂಡ ಕೈಯಿಂದ ರಕ್ತ ನನ್ನ ಪ್ಯಾಂಟಿಗೆ ಇಳಿಯುತ್ತಿತ್ತು. ಅರ್ಧ ದಾರಿ ಕಳೆದ ಮೇಲೆ ಬಾಯಿ ಬಿಟ್ಟಳು.

"ನಿನ್ನ ನೀರು ನಾನು ಕದ್ದಿಲ್ಲ ಕಣೋ. ನಿನ್ನ ಕಾಲುವೇನೇ ಕುಡ್ದಿದ್ದು."

ಅವನು ಅವಳತ್ತ ಉಗಿದ.

ಪೊಲೀಸು, ಪಂಚಾಯಿತಿ ಎಲ್ಲ ಆಗಿ ಇಬ್ಬರೂ ರಾಜಿಗೆ ಸಹಿ ಹಾಕಿದರು. ಮಾತು ಮಾತ್ರ ಬಿಟ್ಟರು. ಹನುಮಂತರಾಯನ ಕಾಲು ಸೊಟ್ಟಗೆ ಕೂಡಿಕೊಂಡಿತು. ಕೆಸರಿನಲ್ಲಿ ನಿಂತು ನೀರು ಕಟ್ಟುವುದು ಇನ್ನು ಅವನಿಂದಾಗದು. ಅವನ ಹೆಂಡತಿ ಬಂದು, ನಮಗೂ ಡ್ರಿಪ್ ಹಾಕಿಕೊಡಪ್ಪ ಎಂದಳು. ಗೌರಕ್ಕನಿಗೆ ತಿಳಿಸದೆ ಆ ಹೊಲಕ್ಕೆ ಕಾಲಿಡಲು ಹೆದರಿ, ಕೇಳಲು ಹೋದೆ. ಉಳಿದ ಬೆರಳುಗಳಲ್ಲಿ ಹೂವಿನ ಕಟ್ಟು ಹಿಡಿದು ದಾರ ಸುತ್ತುತ್ತಿದ್ದವಳು ತಲೆ ಎತ್ತಲಿಲ್ಲ.

"ಹಾಕು. ಮೇನ್ ಪೈಪು ಸಣ್ಣದು ಹಾಕ್ಬೇಡ, ಕೊನೇ ಗಿಡಕ್ಕೆ ನೀರು ಮುಟ್ಟಲ್ಲ. ನಾನ್ ಹೇಳ್ದೆ ಅಂತ ಅಲ್ಲಿ ಬಾಯ್ಬಿಟ್ರೆ ನಿನ್ನ ಕಾಲೂ ಮುರೀತೀನಿ."

ನಾನು ಬಾಯಿ ಬಿಡಲಿಲ್ಲ.

ಹೋದ ವರ್ಷ ಹೂ ಬಿಡಿಸುತ್ತಿರುವಾಗಲೇ ಎದೆ ನೋವು ಬಂದು ಗೌರಕ್ಕ ತೀರಿಕೊಂಡಳು. ಮಣ್ಣಿಗೆ ಊರೆಲ್ಲ ಬಂದಿತ್ತು, ಹನುಮಂತರಾಯ ಬರಲಿಲ್ಲ. ಸತ್ತ ಮೇಲೂ ಹಗೆ ಬಿಡಲಿಲ್ಲವಲ್ಲ ಎಂದು ಜನ ಆಡಿಕೊಂಡರು. ಹಿಂದಿರುಗುವಾಗ ತೋಟದ ಕಡೆಯಿಂದ ಮೋಟಾರಿನ ಸದ್ದು ಕೇಳಿ ನನಗೆ ಮೈಯೆಲ್ಲ ಉರಿಯಿತು. ಇವತ್ತೂ ತನ್ನ ತೋಟಕ್ಕೆ ನೀರು ಬಿಟ್ಟುಕೊಂಡಿದ್ದಾನಲ್ಲ ಎಂದು, ಕೈಗೆ ಸಿಕ್ಕ ಕಲ್ಲು ಎತ್ತಿಕೊಂಡೇ ಒಳಗೆ ಹೋದೆ.

ಬೋರ್‌ವೆಲ್ ನೀರನ್ನು ಎರಡು ತೋಟಕ್ಕೂ ತಿರುಗಿಸುವ ವಾಲ್ವುಗಳ ಪಕ್ಕ ಅವನು ಕಾಲು ಚಾಚಿಕೊಂಡು ಕೂತಿದ್ದ. ಅವನ ಕಡೆಯ ವಾಲ್ವು ಮುಚ್ಚಿತ್ತು. ಹನಿ ಬೀಳುತ್ತಿದ್ದುದು ಗೌರಕ್ಕನ ಗುಲಾಬಿಯ ಬುಡದಲ್ಲಿ.

ನನ್ನ ಕೈಯ ಕಲ್ಲನ್ನು ನೋಡಿ ಅವನೇ ಹೇಳಿದ: "ಅವಳ ಮೇಲಿನ ಸಿಟ್ಟು ನಂಗಿನ್ನೂ ಹೋಗಿಲ್ಲ ಕಣೋ. ಇವತ್ತು ಅತ್ತಿಗೆ ಸರದಿ."

ಕರೆಂಟು ಹೋಗುವವರೆಗೂ ಅವನು ಅಲ್ಲಿಂದ ಏಳಲಿಲ್ಲ. ನಾನೂ ಕೂತಿದ್ದೆ.