ನೀರುಕುದುರೆಯ ಬಾಲ

ಈ ಬರಹಗಾರ ಆ ಬೀದಿಗೆ ಬಾಡಿಗೆಗೆ ಬಂದ ಹೊಸತರಲ್ಲಿ, ಎದುರು ಮನೆಯವರು ಕಳ್ಳಬೇಟೆಗಾರರೆಂದು ನಂಬಿದ್ದ. ನಂಬದೆ ಏನು ಮಾಡಬೇಕು? ಬೆಳಿಗ್ಗೆ ಕಿಟಕಿ ತೆರೆದರೆ ಎದುರು ಮಹಡಿಯ ಬಟ್ಟೆ ಹಗ್ಗದ ಮೇಲೆ ಹುಲಿಯೊಂದು ತಲೆಯಿಲ್ಲದೆ ನೇತಾಡುತ್ತಿತ್ತು. ಹೆಂಗಸೊಬ್ಬಳು ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು, ಅದರ ಬಾಲವನ್ನು ಎರಡೂ ಕೈಯಲ್ಲಿ ಹಿಂಡಿ ನೀರು ತೆಗೆಯುತ್ತಿದ್ದಳು. ಹುಲಿಯನ್ನೇ ಹೀಗೆ ಹಿಂಡುವವಳು ನೆರೆಯವರನ್ನು ಬಿಟ್ಟಾಳೆಯೇ ಎಂದುಕೊಂಡು ಆತ ಕೆಲವು ದಿನ ರಸ್ತೆಯ ಈಚೆ ಬದಿಯಲ್ಲೇ ಗೋಡೆಗೆ ಅಂಟಿಕೊಂಡು ಓಡಾಡಿದ. ಆಮೇಲೆ ಪಕ್ಕದ ಅಂಗಡಿಯವನು ನಕ್ಕು ವಿಷಯ ಬಿಡಿಸಿ ಹೇಳಿದ: ಆಕೆ ಶಾಲೆಯ ನಾಟಕಗಳಿಗೆ ಪ್ರಾಣಿವೇಷ ಹೊಲಿದು ಬಾಡಿಗೆಗೆ ಕೊಡುವವಳು. ಬೀದಿಗೆಲ್ಲ ಬಾಲದಕ್ಕ.

ಹೆಸರು ಸುಮ್ಮನೆ ಬಂದದ್ದಲ್ಲ. ನಾಟಕ ಶುರುವಾಗುವ ಮೊದಲು ದೀಪ ಆರಿಸುತ್ತಾರಲ್ಲ, ಆ ಕತ್ತಲಲ್ಲಿ ಪುಟ್ಟ ಮಕ್ಕಳು ವೇದಿಕೆ ಹತ್ತಬೇಕು. ಟೀಚರು ಮೊದಲನೆಯ ಮಗುವಿನ ಕೈ ಹಿಡಿದರೆ, ಉಳಿದವು ಒಂದರ ಬಾಲ ಇನ್ನೊಂದು ಹಿಡಿದುಕೊಂಡು ರೈಲಿನಂತೆ ಹೋಗುತ್ತವೆ. ಬಾಲ ಕಿತ್ತುಬಂದರೆ ರೈಲು ತುಂಡಾಗಿ, ಹಿಂದಿನ ಡಬ್ಬಿಗಳು ಕತ್ತಲಲ್ಲೇ ನಿಂತು ಅಳುತ್ತವೆ. ಹೀಗಾಗಿ ಬಾಲದಕ್ಕ ಯಾವ ಪ್ರಾಣಿಗಾದರೂ ಮೊದಲು ಬಾಲ ಹೊಲಿಯುತ್ತಿದ್ದಳು, ಪ್ರಾಣಿಯನ್ನು ಆಮೇಲೆ. ಒಳಗೆ ಲಂಗದ ಲಾಡಿಯಂಥ ನಾಡಾದ ಗಟ್ಟಿ ಪಟ್ಟಿ, ಮೇಲೆ ಮೂರು ಸಾಲು ಹೊಲಿಗೆ, ಉದ್ದ ಒಂದು ಮೊಳ. ಮೊಲಕ್ಕೂ ಮೊಳದ ಬಾಲ, ಕರಡಿಗೂ ಮೊಳದ ಬಾಲ. ಅವಳ ಕೋಣೆಯಲ್ಲಿ ಸೃಷ್ಟಿಕರ್ತನ ಅಳತೆಗೆ ಅಷ್ಟೇನೂ ಬೆಲೆ ಇರಲಿಲ್ಲ.

ಕೋಣೆ ಎಂದರೆ ಮನೆಯ ಮುಂದಿನ ಹಾಲೇ. ಗೋಡೆಯ ಹಲಗೆಯ ಮೇಲೆ ಸಾಲಾಗಿ ತಲೆಗಳು, ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಮೈಗಳು, ಮೇಜಿನ ಕೆಳಗೆ ಸ್ಪಂಜಿನ ತುಂಡು ತುಂಬಿದ ಗೋಣಿಚೀಲ. ಕಿಟಕಿಯ ಬೆಳಕಿಗೆ ಎರಡು ಮಷೀನು: ಒಂದು ಅವಳದು, ಕಾಲಲ್ಲಿ ತುಳಿಯುವುದು, ಇನ್ನೊಂದು ಸೊಸೆಯದು, ಮೋಟಾರಿನದು. ಲಾರಿ ಓಡಿಸುವ ಮಗ ಮನೆಗಿಂತ ರಸ್ತೆಯಲ್ಲೇ ಹೆಚ್ಚು ಇರುತ್ತಿದ್ದುದರಿಂದ, ಮನೆಯಲ್ಲಿ ಮಾತಾಡುವವು ಈ ಎರಡು ಮಷೀನುಗಳೇ.

ಈಚೆಗೆ ಎರಡನೆಯ ಮಷೀನು ಕಡಿಮೆ ಮಾತಾಡುತ್ತಿತ್ತು. ಶಾಲೆಗಳ ಹಬ್ಬ ವರ್ಷಕ್ಕೊಮ್ಮೆ. ಆಗ ಊಟಕ್ಕೆ ಪುರುಸೊತ್ತಿಲ್ಲ, ಉಳಿದ ಕಾಲದಲ್ಲಿ ಹುಲಿಗೂ ಕೆಲಸವಿಲ್ಲ, ದರ್ಜಿಗೂ ಇಲ್ಲ. ಸೊಸೆ ಊರಾಚೆಯ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೆಲಸ ಕೇಳಿದ್ದಳು. ತಿಂಗಳ ಮೊದಲನೇ ತಾರೀಕಿಗೆ ಬಂದು ಸೇರು ಅಂದಿದ್ದರು. ಅಲ್ಲಿ ದಿನವಿಡೀ ಅಂಗಿಯ ಎಡತೋಳು ಮಾತ್ರ ಹೊಲಿಯುವ ಕೆಲಸವಂತೆ, ಬಲತೋಳು ಬೇರೆಯವರದು. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಾ ಇದನ್ನು ಹೇಳಿದಳು. ಬಾಲದಕ್ಕ "ನಿನ್ನಿಷ್ಟ ಕಣಮ್ಮ" ಅಂದು ನೀರು ಕುಡಿದಳು. ಹೋಗಬೇಡ ಅಂದಿದ್ದರೆ ಹುಡುಗಿ ನಿಲ್ಲುತ್ತಿದ್ದಳೇನೋ. ಆದರೆ ಬೇಡಿಕೊಂಡು ಉಳಿಸಿಕೊಂಡ ಸೊಸೆ ಮತ್ತು ಪಿನ್ನು ಚುಚ್ಚಿ ನಿಲ್ಲಿಸಿದ ಬಾಲ ಎರಡೂ ಸಮಯಕ್ಕೆ ಕೈಕೊಡುತ್ತವೆ ಎಂಬುದು ಅವಳ ಲೆಕ್ಕ. ಉಳಿಸಿಕೊಳ್ಳಬೇಕಾದರೆ ಕೆಲಸ ತೋರಿಸಿ ಉಳಿಸಿಕೊಳ್ಳಬೇಕು.

ಆ ಕೆಲಸ ತಾನಾಗಿ ಬಾಗಿಲು ತಟ್ಟಿತು. ಊರಿನ ಹೊರಗೆ ಹೊಸದಾಗಿ ಪ್ರಾಣಿಗಳ ಪಾರ್ಕು ತೆರೆದಿತ್ತು. ಒಂದು ಕಡೆ ತಿರುಗುವ ತೊಟ್ಟಿಲು, ನೀರಲ್ಲಿ ಜಾರುವ ದೋಣಿ. ಇನ್ನೊಂದು ಕಡೆ ಜಿರಾಫೆ, ಕರಡಿ, ನೀರುಕುದುರೆ. ಬಾಗಿಲಲ್ಲಿ ನಿಂತು ಮಕ್ಕಳ ಕೈ ಕುಲುಕುವುದಕ್ಕೆ ಅವರಿಗೊಂದು ನೀರುಕುದುರೆಯ ವೇಷ ಬೇಕಿತ್ತು. ಸರಿಹೋದರೆ ವರ್ಷವಿಡೀ ಬೇರೆ ಬೇರೆ ಪ್ರಾಣಿ. ಪಾರ್ಕಿನ ಮೇನೇಜರು ಮಾದರಿಗೆಂದು ಕಳಿಸಿದ ಫೋಟೋದಲ್ಲಿ ನೀರುಕುದುರೆ ನೀರೊಳಗಿತ್ತು, ಕಾಣುತ್ತಿದ್ದದ್ದು ಮುಖ ಮಾತ್ರ. ಕಾಣದ ಭಾಗವನ್ನು ಬಾಲದಕ್ಕ ತನ್ನ ಅನುಭವದಿಂದ ತುಂಬಿದಳು. ಅಂದರೆ, ಬಾಲದಿಂದ ಶುರುಮಾಡಿದಳು.

ವೇಷ ಹೋದ ದಾರಿಯಲ್ಲೇ ವಾಪಸು ಬಂತು. ಹಿಂದೆಯೇ ಮೇನೇಜರ ಫೋನು. ಆತ ಮರ್ಯಾದಸ್ಥ, ಬಯ್ಯಲಿಲ್ಲ. ಹೊಲಿಗೆ ಬಹಳ ಗಟ್ಟಿಯಾಗಿದೆ ಎಂದು ಹೊಗಳಿ, ನೋಡಿದ ಮಕ್ಕಳೆಲ್ಲ ಎಮ್ಮೆ ಬಂತು ಎಮ್ಮೆ ಅಂತ ಕುಣಿದವು ಎಂದು ತಿಳಿಸಿದ. ಮುಂದಿನ ಸೋಮವಾರದೊಳಗೆ ಸರಿಮಾಡಿ ತಂದರೆ ನೋಡೋಣ, ಇಲ್ಲವಾದರೆ ಬೇರೆಯವರಿಗೆ ಹೇಳಬೇಕಾಗುತ್ತದೆ ಎಂದ.

ಬಾಲದಕ್ಕನಿಗೆ ಬೇಸರವೇನೂ ಆಗಲಿಲ್ಲ. ನೋಡದೆ ಹೊಲಿದದ್ದು ತಪ್ಪು, ನೋಡಿ ಹೊಲಿದರಾಯಿತು. ಫೋನಿನಲ್ಲೇ ಬೇಕಾದಷ್ಟು ವಿಡಿಯೋ ಇವೆಯಲ್ಲ ಎಂದು ಸೊಸೆ ತೋರಿಸಿದಳು.

"ಅದರಲ್ಲಿ ಎಲ್ಲಾ ಪ್ರಾಣಿನೂ ಅಂಗೈಯಗಲ," ಅಂದಳು ಬಾಲದಕ್ಕ. "ಎದುರಿಗೆ ನಿಲ್ಲಿಸದೆ ನಾನು ಯಾರ ಅಳತೆನೂ ತೆಗೆದವಳಲ್ಲ. ಹೋಗಿ ಬರೋಣ ನಡಿ."

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಪಾರ್ಕಿಗೆ ಹೋಗುವ ವಿಷಯವನ್ನು ಬಾಲದಕ್ಕ ಫೋನಿನಲ್ಲಿ ತನ್ನ ಅಕ್ಕನಿಗೆ ಹೇಳಿದಳು, ಅಕ್ಕನ ಪಕ್ಕದಲ್ಲಿ ಭಾವ ಕೂತಿದ್ದರು.

ಭಾವ ಸಾರಿಗೆ ಕಚೇರಿಯಲ್ಲಿ ವೇಳಾಪಟ್ಟಿಯ ವಿಭಾಗಕ್ಕೆ ಮುಖ್ಯಸ್ಥರಾಗಿದ್ದು ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟಿತ್ತು, ಅವರು ಕಚೇರಿಯನ್ನು ಬಿಟ್ಟಿರಲಿಲ್ಲ. ಮನೆಯಲ್ಲಿ ಕಸದ ಬುಟ್ಟಿ ಹೊರಗಿಡುವುದಕ್ಕೂ ಅವರ ಅನುಮೋದನೆ ಬೇಕು. ಮಾರನೇ ದಿನವೇ ಹೆಂಡತಿಯನ್ನು ಕರೆದುಕೊಂಡು ಬಂದು, ಬಟ್ಟೆ ಕತ್ತರಿಸುವ ಮೇಜಿನ ತುದಿಯಲ್ಲಿ ಅಧ್ಯಕ್ಷರ ಹಾಗೆ ಕೂತರು. ಕನ್ನಡಕ ಒರೆಸಿಕೊಂಡು, ಇಂಥ ಪ್ರವಾಸಗಳು ಹಾಳಾಗುವುದೇ ಪೂರ್ವಸಿದ್ಧತೆ ಇಲ್ಲದೆ ಎಂದು ಪ್ರಸ್ತಾವನೆ ಮಾಡಿದರು. ಹಲಗೆಯ ಮೇಲಿದ್ದ ಕರಡಿ, ಸಿಂಹ, ಮೊಲಗಳು ಗಂಭೀರವಾಗಿ ಆಲಿಸಿದವು. ಸಭೆಯಲ್ಲಿ ಆ ಮಟ್ಟದ ಗಮನ ಕೊಟ್ಟದ್ದು ಅವು ಮಾತ್ರ.

ಪಾರ್ಕಿನ ನಕ್ಷೆಯನ್ನು ಎಲ್ಲಿಂದಲೋ ತರಿಸಿದ್ದರು. ಬೆಳಿಗ್ಗೆ ಪಕ್ಷಿಗಳು, ಏಕೆಂದರೆ ಪಕ್ಷಿಗಳು ಬೇಗ ಏಳುತ್ತವೆ. ಆಮೇಲೆ ಜಿರಾಫೆ, ಕುತ್ತಿಗೆ ಎತ್ತಿ ನೋಡಬೇಕಾದ್ದರಿಂದ ಬಿಸಿಲೇರುವ ಮೊದಲೇ ಮುಗಿಸಬೇಕು. ಊಟ, ವಿಶ್ರಾಂತಿ. ತೊಟ್ಟಿಲು, ದೋಣಿ ಇತ್ಯಾದಿಗಳನ್ನು ವಯಸ್ಸಿನ ಕಾರಣ ಕೈಬಿಡಲಾಗಿದೆ. ನೀರುಕುದುರೆ ಕೊನೆಗೆ, ಸಮಯ ಮಿಕ್ಕಿದರೆ. ಅದರ ಕೊಳ ನಕ್ಷೆಯ ಮೂಲೆಯಲ್ಲಿದೆ, ವಾಸನೆ ಬೇರೆ.

ಬಾಲದಕ್ಕ ನೀರುಕುದುರೆಯನ್ನೇ ಮೊದಲು ನೋಡೋಣ ಎಂದು ಎರಡು ಸಲ ಸೂಚಿಸಿದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬುದು ಗಾದೆ. ಇಲ್ಲಿ ನೀರಿಗೆ ಎಳೆಯುತ್ತಿದ್ದವಳು ಅವಳು. ಯಾಕೆ ಅಂತ ಭಾವ ಕೇಳಿದರು, ಅವಳು ಹೇಳಲಿಲ್ಲ. ಹೇಳಿದರೆ ಅವರು ವೇಷದ ಕೆಲಸಕ್ಕೂ ಅಧ್ಯಕ್ಷರಾಗಿ, ಮೇನೇಜರನ್ನು ಕಂಡು ಮಾತಾಡುತ್ತೇನೆ ಎಂದು ಹೊರಡುವವರು. ಆಮೇಲೆ ಆ ಪಾರ್ಕಿನವರು ಎಮ್ಮೆಯ ವೇಷವನ್ನೂ ಇವಳಿಂದ ಹೊಲಿಸರು.

"ದಿನ ಯಾವತ್ತು ಅಂತ ಇಟ್ಕೊಂಡಿದ್ದೀರಿ ಭಾವ?" ಅಂದಳು.

"ಈ ವಾರ ಆಗಲ್ಲ. ವ್ಯಾನು ಗೊತ್ತುಮಾಡಬೇಕು, ನನ್ನ ಮಂಡಿ ನೋಡ್ಕೋಬೇಕು. ಮುಂದಿನ ವಾರದ ಕೊನೆಗೆ ಮತ್ತೆ ಸೇರಿ ನಿರ್ಧಾರ ಮಾಡೋಣ."

"ಹೋಗೋದನ್ನಾ?"

"ಯಾವತ್ತು ಹೋಗೋದು ಅಂತ ಯಾವತ್ತು ನಿರ್ಧರಿಸೋದು ಅನ್ನೋದನ್ನ."

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಸೊಸೆ ತಲೆ ತಗ್ಗಿಸಿ, ಹೊಲಿಯುವ ಬಟ್ಟೆಯಿಲ್ಲದಿದ್ದರೂ ಮಷೀನಿನ ದಾರದ ಬಾಬಿನ್ನು ಬದಲಿಸತೊಡಗಿದಳು. ಬಾಲದಕ್ಕ ಅವಳನ್ನು ನೋಡಿದಳು, ಆಮೇಲೆ ಕತ್ತರಿ ಎತ್ತಿ ಮೇಜಿನ ಮೇಲೆ ಇಟ್ಟಳು. ಅವಳು ಹಾಗೆ ಕತ್ತರಿ ಇಟ್ಟರೆ ಅಳತೆ ಮುಗಿಯಿತು, ಇನ್ನು ಬಟ್ಟೆಗೆ ಕೈ ಹಾಕುವುದೊಂದೇ ಬಾಕಿ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು.

"ಭಾವ, ನಿಮ್ಮ ಪ್ಲಾನು ಬಹಳ ಚೆನ್ನಾಗಿದೆ. ಅದನ್ನ ಹಾಗೇ ಇಟ್ಕೊಳ್ಳಿ, ಕೆಡಿಸಬೇಡಿ. ನಾನು, ಸೊಸೆ ಗುರುವಾರ ಮೊದಲನೇ ಬಸ್ಸಿಗೆ ಹೋಗ್ತಾ ಇದ್ದೀವಿ. ಬರೋರು ಬರಬಹುದು."

ಭಾವ ಬಹಳ ಹೊತ್ತು ಶಿಸ್ತಿನ ಬಗ್ಗೆ ಮಾತಾಡಿದರು. ತಮ್ಮ ಕಾಲದಲ್ಲಿ ಒಂದು ಬಸ್ಸೂ ಹೀಗೆ ಅನುಮತಿಯಿಲ್ಲದೆ ಹೊರಟದ್ದಿಲ್ಲ ಎಂದರು. ಹೊರಟದ್ದಿಲ್ಲ ಎಂಬುದೇನೋ ನಿಜ. ಜನ ನಿಲ್ದಾಣದಲ್ಲಿ ಕಾದು ಕಾದು ನಡೆದೇ ಹೋಗುತ್ತಿದ್ದರು ಎಂದು ಅಕ್ಕ ಸೇರಿಸಿದಳು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಹೋದರು.

ಗುರುವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದವರು ಭಾವ. ಕೈಯಲ್ಲಿ ಕೊಡೆ, ಕೊರಳಲ್ಲಿ ಸೀಟಿ. ಜನ ಚದುರಿದರೆ ಊದುವುದಕ್ಕಂತೆ. ಚದುರುವುದಕ್ಕೆ ಇದ್ದ ಜನ ಮೂರೇ, ಅವರೂ ಹೆಂಗಸರು. ಹೆಂಡತಿಯೊಬ್ಬಳನ್ನೇ ಕಳಿಸಲು ಮನಸ್ಸಾಗಲಿಲ್ಲ ಎಂದು ಆಕಾಶ ನೋಡುತ್ತಾ ಹೇಳಿದರು.

ಪಾರ್ಕಿನ ಬಾಗಿಲು ದಾಟಿದ್ದೇ ಬಾಲದಕ್ಕ ಪಕ್ಷಿಗಳ ಕಡೆ ಕಣ್ಣೆತ್ತಿಯೂ ನೋಡದೆ ನೇರ ಮೂಲೆಗೆ ನಡೆದಳು. ಸೀಟಿ ಕೇಳಿಸಿತು; ಜಿರಾಫೆ ತಿರುಗಿ ನೋಡಿತು, ಅವಳು ನೋಡಲಿಲ್ಲ. ಕೊಳದ ಕಟ್ಟೆಗೆ ಮೊಣಕೈ ಊರಿ ನಿಂತಳು, ಪಕ್ಕದಲ್ಲಿ ಸೊಸೆ. ಕೊಳದಲ್ಲಿ ಕಂದು ನೀರು. ನೀರ ಮೇಲೆ ಎರಡು ಪುಟ್ಟ ಕಿವಿ, ಎರಡು ಮೂಗಿನ ಹೊಳ್ಳೆ. ಅಷ್ಟೇ. ಪಾರ್ಕಿನವರ ಫೋಟೋದಲ್ಲಿ ಇದ್ದದ್ದಕ್ಕಿಂತಲೂ ಕಡಿಮೆ.

ಕಾದರು. ಹೊಳ್ಳೆ ಮುಚ್ಚಿಕೊಂಡು ಮುಳುಗಿತು, ಬೇರೆ ಕಡೆ ಎದ್ದು ಫುಸ್ಸೆಂದಿತು. ಜನ ಬಂದರು, ಇದೇನೂ ಕಾಣುವುದಿಲ್ಲ ಅಂದು ಹೋದರು. ಅಕ್ಕ ಜಿರಾಫೆ ನೋಡಿ, ಕರಡಿ ನೋಡಿ, ನೀರಲ್ಲಿ ಜಾರುವ ದೋಣಿಯನ್ನೂ ಹತ್ತಿ ಮೈಯೆಲ್ಲ ಒದ್ದೆ ಮಾಡಿಕೊಂಡು ನಗುತ್ತಾ ಬಂದಳು. ಹೆಂಡತಿಯ ಹಿಂದೆ ಓಡಾಡಿ ಸುಸ್ತಾದ ಭಾವ ಕೊಳದ ಬಳಿ ಬಂದು, ದುಡ್ಡು ಕೊಟ್ಟು ಬಂದು ಕೆಸರು ನೋಡುವವರನ್ನು ಇದೇ ಮೊದಲು ಕಂಡೆ ಎಂದರು. ಕಟ್ಟೆಗೆ ಬೆನ್ನು ಮಾಡಿ ಕೂತು, ಪೂರ್ವಸಿದ್ಧತೆ ಇದ್ದಿದ್ದರೆ ಏನೇನಾಗುತ್ತಿತ್ತು ಎಂದು ಶುರುಮಾಡಿದರು.

ಆಗ ನೀರುಕುದುರೆ ಎದ್ದಿತು. ಕೊಳದೊಳಗಿಂದ ಒಂದು ಬಂಡೆ ಮನಸ್ಸು ಬದಲಾಯಿಸಿದ ಹಾಗೆ ಎದ್ದು, ಮೆಟ್ಟಿಲು ಹತ್ತಿ, ಇವರ ಕಡೆಗೆ ಹಿಂಭಾಗ ತಿರುಗಿಸಿ ನಿಂತಿತು. ಬಾಲದಕ್ಕ ಬಾಲ ಹುಡುಕಿದಳು. ಗೇಣುದ್ದದ, ಚಪ್ಪಟೆಯಾದ, ಯಾರೋ ಬಟ್ಟೆ ಸಾಲದೆ ಅರ್ಧಕ್ಕೆ ಕೈಬಿಟ್ಟ ಹಾಗಿದ್ದ ಒಂದು ತುಂಡು. ಅವಳ ಇಷ್ಟು ವರ್ಷದ ವೃತ್ತಿಗೆ ಅವಮಾನ ಮಾಡುವಂತಿದ್ದ ಆ ತುಂಡು ಗಿರಗಿರನೆ ಅಲ್ಲಾಡತೊಡಗಿತು, ಸಗಣಿ ನಾಲ್ಕೂ ದಿಕ್ಕಿಗೆ ಹಾರಿತು. ಭಾವನ ಕೊಡೆ ಸಮಯಕ್ಕೆ ತೆರೆದುಕೊಳ್ಳಲಿಲ್ಲ.

ಅಕ್ಕ ನಕ್ಕು ನಕ್ಕು ನೆಲಕ್ಕೆ ಕೂತಳು. ಬಾಲದಕ್ಕ ನಗಲಿಲ್ಲ. "ಬಾಲ ನನ್ನ ತಪ್ಪು," ಅಂದಳು. "ಕತ್ತರಿಸಿದರಾಯ್ತು. ಆದರೆ ಬಾಲ ಕತ್ತರಿಸಿದರೆ ಬಾಲ ಇಲ್ಲದ ಎಮ್ಮೆ ಆಗುತ್ತೆ. ಇನ್ನೇನೋ ಬೇಕು."

ನೀರುಕುದುರೆ ಇತ್ತ ತಿರುಗಿ ಬಾಯಿ ತೆರೆಯಿತು. ಬಾಗಿಲು ತೆರೆದ ಹಾಗೆ ತೆರೆಯಿತು; ಮುಖವೆಲ್ಲ ಹೋಗಿ ಬಾಯಿಯೊಂದೇ ಉಳಿಯಿತು. ಕೊಳದ ಸುತ್ತ ಇದ್ದ ಮಕ್ಕಳೆಲ್ಲ ಒಮ್ಮೆಗೇ ಹಿಂದಕ್ಕೆ ಸರಿದು, ಮತ್ತೆ ಮುಂದಕ್ಕೆ ಬಂದವು.

ಸೊಸೆ ಅತ್ತೆಯ ತೋಳು ಹಿಡಿದಳು. "ಅತ್ತೆ, ನಾವು ಬಾಯಿ ಮುಚ್ಚಿ ಹೊಲಿದಿದ್ವಿ. ಒಳಗಿರೋರಿಗೆ ನೋಡೋಕೆ ಎದೆ ಮೇಲೆ ತೂತು ಬಿಟ್ಟಿದ್ವಿ. ಬಾಯೇ ಕಿಟಕಿ ಆದ್ರೆ? ಮೇಲ್ದವಡೆಗೆ ಗಟ್ಟಿ ಸ್ಪಂಜು, ಒಳಗೆ ಕಪ್ಪು ಜಾಲರಿ. ಕೈಯಲ್ಲಿ ದಾರ ಎಳೆದರೆ ತೆರೀಬೇಕು, ಬಿಟ್ಟರೆ ಮುಚ್ಚಬೇಕು."

"ಭಾರಕ್ಕೆ ತಲೆ ಮುಂದಕ್ಕೆ ಬಾಗುತ್ತಲ್ಲೇ."

"ಹೆಗಲಿಗೆ ಪಟ್ಟಿ ಕೊಡೋಣ. ನಿಮ್ಮ ಬಾಲದೊಳಗೆ ಹಾಕ್ತೀರಲ್ಲ, ಅದೇ ನಾಡಾ."

ಅತ್ತೆ ಸೊಸೆ ಅಲ್ಲೇ ನಿಂತು ಗಾಳಿಯಲ್ಲಿ ಕೈಯಾಡಿಸಿ ದವಡೆ ಅಳೆದರು. ಕರವಸ್ತ್ರದಲ್ಲಿ ಅಂಗಿ ಒರೆಸಿಕೊಳ್ಳುತ್ತಿದ್ದ ಭಾವ, ಇವರಿಗೆ ಬಿಸಿಲು ತಾಗಿದೆ ಎಂದು ತೀರ್ಮಾನಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಭಾವನ ಪಕ್ಕದ ಸೀಟು ಮಾತ್ರ ಖಾಲಿಯಿತ್ತು. ಅರ್ಧ ದಾರಿಗೆ ಸೊಸೆಯ ಫೋನು ಹೊಡೆದುಕೊಂಡಿತು. ಕಾರ್ಖಾನೆಯವರು, ಮೊದಲನೇ ತಾರೀಕಿಗೆ ಖಂಡಿತ ಬರುತ್ತೀಯಲ್ಲ ಎಂದು ಕೇಳುತ್ತಿದ್ದರು. ಬಾಲದಕ್ಕ ಕಿಟಕಿಯಾಚೆ ನೋಡುತ್ತಾ ಕೂತಳು. ನೋಡುವಂಥದ್ದು ಆಚೆ ಏನೂ ಇರಲಿಲ್ಲ.

"ಇಲ್ಲ ಸಾರ್, ಬರೋಕಾಗಲ್ಲ," ಅಂದಳು ಸೊಸೆ. "ಇಲ್ಲಿ ಒಂದು ದೊಡ್ಡ ಬಾಯಿ ಇದೆ. ಅದನ್ನ ನಾನೇ ಹೊಲಿಬೇಕು."

ಫೋನಿನ ಆ ಕಡೆಯವರಿಗೆ ಏನು ಅರ್ಥವಾಯಿತೋ, ಕೂಡಲೇ ಇಟ್ಟುಬಿಟ್ಟರು. ಬಾಲದಕ್ಕ ಸ್ಪಂಜು ಎಷ್ಟು ದಪ್ಪ ಬೇಕಾದೀತು ಎಂದು ಕೇಳಿದಳು, ಅಷ್ಟೇ.

ಆಮೇಲೆ ಮನೆಯಲ್ಲಿ ಎರಡೂ ಮಷೀನು ಒಂದರ ಮೇಲೊಂದು ಮಾತಾಡಿದವು. ಸೋಮವಾರ ಬೆಳಿಗ್ಗೆ, ಲಾರಿ ನಿಲ್ಲಿಸಿ ಮನೆಗೆ ಬಂದಿದ್ದ ಮಗನನ್ನು ಹಿಡಿದು ವೇಷದೊಳಗೆ ತುರುಕಿ, ಪಾರ್ಕಿನ ಬಾಗಿಲಲ್ಲಿ ನಿಲ್ಲಿಸಿದರು. ಬಾಯಿಯೊಳಗಿಂದ ರಸ್ತೆ ಚೆನ್ನಾಗಿ ಕಾಣುತ್ತದೆ, ತನ್ನ ಲಾರಿಯ ಗಾಜಿಗಿಂತ ವಾಸಿ ಎಂದು ಆತ ಒಳಗಿಂದ ವರದಿ ಕೊಟ್ಟ. ದವಡೆ ತೆರೆಯಿತು. ಶಾಲೆಯ ಬಸ್ಸಿನಿಂದ ಇಳಿದ ಮಕ್ಕಳು ಒಮ್ಮೆಗೇ ಹಿಂದಕ್ಕೆ ಸರಿದು, ಮತ್ತೆ ಮುಂದಕ್ಕೆ ಬಂದು, ನೀರುಕುದುರೆ ಎಂದು ಕೂಗಿ ಅದರ ಬಾಯೊಳಗೆ ಕೈ ಹಾಕಿದವು. ಎಮ್ಮೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಮೇನೇಜರು ಆಚೆಯಿಂದ ನೋಡಿದ, ಈಚೆಯಿಂದ ನೋಡಿದ, ಬಾಲದ ಕಡೆಗೂ ಹೋಗಿ ಗೇಣುದ್ದ ಇರುವುದನ್ನು ಖಚಿತ ಮಾಡಿಕೊಂಡ. ಇದು ಪಾಸು, ಮುಂದಿನದು ಜಿರಾಫೆ, ಯಾವಾಗ ಕೊಡುತ್ತೀರಿ ಎಂದ. ಬಾಲದಕ್ಕ ಸೊಸೆಯ ಕಡೆ ಕೈ ತೋರಿಸಿದಳು, ಅವಳನ್ನೇ ಕೇಳಿ ಎಂಬಂತೆ. ಜಿರಾಫೆಯ ಕುತ್ತಿಗೆಯನ್ನು ಮೊದಲು ಎದುರು ನಿಂತು ನೋಡಬೇಕು, ಆಮೇಲೆ ದಿನ ಹೇಳುತ್ತೇನೆ ಎಂದಳು ಸೊಸೆ, ಹಳೆಯ ದರ್ಜಿಯ ಗತ್ತಿನಲ್ಲಿ.

ಎಲ್ಲ ಒಪ್ಪಿಯಾದ ಮೇಲೂ ಏನೂ ಕೊರತೆ ಹೇಳದೆ ಬಿಟ್ಟರೆ ಅಧಿಕಾರಕ್ಕೆ ಶೋಭೆಯಲ್ಲ. ಮೇನೇಜರು ಗಲ್ಲ ಕೆರೆದುಕೊಂಡು, ಬಹಳ ಯೋಚಿಸಿದವನ ಹಾಗೆ ಕೇಳಿದ.

"ಎಲ್ಲಾ ಸರಿ ಅಮ್ಮಾ. ಆದರೆ ನಿಜವಾದ ನೀರುಕುದುರೆ ಹೀಗೆ ಎರಡು ಕಾಲಲ್ಲಿ ನಿಂತು ಜನರ ಕೈ ಕುಲುಕುತ್ತಾ?"

"ಕುಲುಕೋ ಹಾಗಿದ್ರೆ," ಅಂದಳು ಬಾಲದಕ್ಕ, "ನನ್ನನ್ನ ಯಾಕೆ ಕರೀತಿದ್ರಿ?"