ಬಚ್ಚಲಲ್ಲಿ ಅಣಬೆ, ಹೊಸ್ತಿಲಲ್ಲಿ ಸುಣ್ಣ

ಈಚೆಗೆ ಪತ್ರಿಕೆ ತೆರೆದರೆ ಸಾಕು, ಶಿಲೀಂಧ್ರಗಳದೇ ಸುದ್ದಿ. ಅಣಬೆ ಮೈಗೆ ಒಳ್ಳೆಯದಂತೆ, ಅದರ ಬಿಳಿ ಎಳೆಗಳು ಕೆಟ್ಟ ಮಣ್ಣನ್ನು ಸರಿಮಾಡುತ್ತವಂತೆ, ನೆಲಕ್ಕೆ ಚೆಲ್ಲಿದ ಎಣ್ಣೆಯನ್ನೂ ತಿಂದು ತೇಗುತ್ತವಂತೆ. ಓದುತ್ತ ಓದುತ್ತ ನಾನು ಕುರ್ಚಿಯಿಂದ ಎದ್ದು ನಿಂತುಬಿಡುತ್ತೇನೆ. ಈ ಮಹತ್ಕಾರ್ಯಕ್ಕೆ ನಮ್ಮ ಮನೆಯ ಬಚ್ಚಲೂ ಒಂದು ಕಾಲದಲ್ಲಿ ಸೇವೆ ಸಲ್ಲಿಸಿದೆ ಎಂಬುದನ್ನು ಮಾತ್ರ ಯಾವ ಪತ್ರಿಕೆಯೂ ಬರೆದಿಲ್ಲ. ಆ ಭಾರ ನನ್ನ ಮೇಲೆ ಬಿದ್ದಿದೆ.

ಎಂಬತ್ತರ ದಶಕದ ಆರಂಭ. ನಾನು ಹುತ್ತೂರಿನ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಕೋಲಾರದಲ್ಲಿ ಅಣಬೆ ಬೇಸಾಯದ ತರಬೇತಿ ಎಂದು ಕೇಳಿ, ಹೋಗಿ ಮುಂದಿನ ಸಾಲಿನಲ್ಲೇ ಕೂತೆ. ಅಣಬೆ ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ. ಒಣಹುಲ್ಲು ತಿಂದು ನಮಗೆ ಪುಷ್ಟಿಯಾದ ಊಟ ಕೊಡುತ್ತದೆ. ಮಿಕ್ಕ ಹುಲ್ಲು ಗೊಬ್ಬರವಾಗುತ್ತದೆ ಎಂದರು ಪಾಠ ಹೇಳಿದವರು. ನನಗೆ ರೋಮಾಂಚನವಾಯಿತು. ಸಂಜೆಯ ಬಸ್ಸಿನಲ್ಲಿ ಬೀಜದ ಬಾಟಲಿಯನ್ನು ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಬೀಜವೆಂದರೆ ಬೇಯಿಸಿದ ಜೋಳ, ಅದರ ಮೇಲೆ ಹತ್ತಿಯಂತೆ ಹಬ್ಬಿದ ಬಿಳಿ ಎಳೆಗಳು.

ಕಂಡಕ್ಟರ್ ಬಗ್ಗಿ ನೋಡಿದ. "ಏನ್ ಸಾರ್, ಜೋಳ ಬೂಷ್ಟು ಹಿಡ್ದೈತೆ. ಎಸೀಬಾರ್ದಾ?"

"ಬೂಷ್ಟೇ ಕಣಯ್ಯಾ. ಅದಕ್ಕೇ ತಗೊಂಡು ಹೋಗ್ತಿದ್ದೀನಿ."

ಚಿಲ್ಲರೆ ಕೊಡುವಾಗ ಅವನು ಕೈ ತಾಗದಂತೆ ನೋಡಿಕೊಂಡ.

ಮನೆಯಲ್ಲಿ ವಿಷಯ ಅಷ್ಟು ಹಗುರವಾಗಿರಲಿಲ್ಲ. ಅಮ್ಮ ರೇಷ್ಮೆ ಹುಳು ಸಾಕುತ್ತಿದ್ದಳು. ಹಿಂದಿನ ಬೆಳೆಗೆ ಸುಣ್ಣಕಟ್ಟು ಬಡಿದಿತ್ತು. ಅದೂ ಒಂದು ಬೂಷ್ಟಿನದೇ ರೋಗ. ಹುಳು ಸತ್ತು, ಸೆಟೆದು, ಮೈಯೆಲ್ಲ ಬಿಳಿ ಪುಡಿಯಾಗಿ ಬಳಪದ ತುಂಡಿನಂತಾಗುತ್ತದೆ. ಸೊಪ್ಪು ಮೇಯುವ ಸರಸರ ಸದ್ದು ತುಂಬಿರಬೇಕಾದ ಹುಳುಮನೆ ಮೂಕವಾಗಿ, ಅಮ್ಮ ತಟ್ಟೆಗಟ್ಟಲೆ ಹುಳುಗಳನ್ನು ಸುಟ್ಟುಹಾಕಿದ್ದಳು. "ಇನ್ನೊಂದ್ಸಲ ಹಿಂಗಾದ್ರೆ ಹಿಪ್ಪುನೇರಳೆ ಕಿತ್ತಾಕಿ ರಾಗಿ ಬಿತ್ತಿಸ್ತೀನಿ" ಎಂದಿದ್ದಳು. ಅವಳೇ ಕಡ್ಡಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಎಬ್ಬಿಸಿದ ತೋಟ ಅದು. ಹೇಳಿದರೆ ಕೀಳುವವಳೇ. ಹೊಸ ಮರಿಹುಳುಗಳು ಮನೆಗೆ ಬರುವ ವಾರವನ್ನೇ ಆರಿಸಿಕೊಂಡು ನಾನು ಬಾಟಲಿ ತಂದಿದ್ದೆ.

ಅಮ್ಮ ಮುಳಬಾಗಿಲ ಕಡೆಯವಳು. ಸಿಟ್ಟು ಮೊದಲು ತೆಲುಗಿನಲ್ಲಿ ಬರುತ್ತಿತ್ತು. "ಏಮಿರಾ ಇದಿ?" ಎಂದು ಬಾಟಲಿಯನ್ನು ಬೆಳಕಿಗೆ ಹಿಡಿದಳು. "ಲೇ, ಸುಣ್ಣಕಟ್ಟನ್ನ ಬಾಟ್ಲೀಲಿ ತುಂಬ್ಕೊಂಡ್ ಬಂದಿದ್ದೀಯಲ್ಲೋ!"

"ಅದು ಬೇರೆ ಬೂಷ್ಟು, ಇದು ಬೇರೆ ಬೂಷ್ಟಮ್ಮ. ಇದು ಹುಲ್ಲು ತಿನ್ನುತ್ತೆ, ಹುಳದ ತಂಟೆಗೆ ಬರಲ್ಲ."

"ಹುಳಕ್ಕೆ ಹೇಳು, ಹೋಗು."

ಹೆಂಡತಿಯ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಯಿತು. ಅಣಬೆಗೆ ಅಂಗಳದಾಚೆಯ ಬಚ್ಚಲುಮನೆ. ನಾನು ಹುಳುಮನೆಗೆ ಕಾಲಿಡಕೂಡದು. ಹುಳುಮನೆಯ ಹೊಸ್ತಿಲಿನ ಉದ್ದಕ್ಕೂ ಅಮ್ಮ ಸುಣ್ಣದ ಪುಡಿಯ ದಪ್ಪ ಗೆರೆ ಎಳೆದಳು. ಎರಡು ದೇಶಗಳ ಗಡಿಗೂ ಅಷ್ಟು ಬಿಗಿ ಕಾವಲು ಇರಲಾರದು. ನಾನು ಅಂಗಳದಲ್ಲಿ ಕೆಮ್ಮಿದರೂ "ಕೈ ತೊಳ್ದ್ಯಾ?" ಎಂದು ಒಳಗಿಂದ ಪ್ರಶ್ನೆ ಹಾರಿಬರುತ್ತಿತ್ತು.

ಹಂಡೆಯ ಬಿಸಿನೀರಿನಲ್ಲಿ ಹುಲ್ಲು ಬೇಯಿಸಿ, ಹಿಂಡಿ, ಪ್ಲಾಸ್ಟಿಕ್ ಚೀಲಗಳಿಗೆ ಪದರ ಪದರವಾಗಿ ತುಂಬಿ, ನಡುನಡುವೆ ಬೀಜ ಉದುರಿಸಿ ತೂಗುಹಾಕಿದೆ. ಹೊತ್ತುಹೊತ್ತಿಗೂ ಹೋಗಿ ನೋಡುತ್ತಿದ್ದೆ. ಮೇಷ್ಟ್ರು ಇಷ್ಟು ಸಲ ಸ್ನಾನ ಮಾಡುವ ವ್ರತ ಯಾವುದು ಎಂದು ಪಕ್ಕದ ಮನೆಯವರು ಭಕ್ತಿಯಿಂದ ವಿಚಾರಿಸಿದರು. ಹುಲ್ಲು ದಿನದಿಂದ ದಿನಕ್ಕೆ ಬೆಳ್ಳಗಾಯಿತು. ಅತ್ತ ಹುಳುಗಳು ಬೆಳೆಯುತ್ತಿದ್ದವು. ಇಲ್ಲಿ ಬಿಳಿ ಹಬ್ಬಿದರೆ ನನಗೆ ಹಿಗ್ಗು, ಅಲ್ಲಿ ಹಬ್ಬಿದರೆ ಮನೆಗೇ ಸೂತಕ.

ಒಂದು ಬೆಳಿಗ್ಗೆ ಸ್ನಾನಕ್ಕೆ ಹೋಗಿದ್ದ ಹೆಂಡತಿ ಬಚ್ಚಲಿನಿಂದ ಕೂಗಿದಳು. "ರೀ! ಬನ್ರೀ ಇಲ್ಲಿ! ಮೊಗ್ಗು ಬಂದೈತೆ!"

ಓಡಿದೆ.

"ಅಯ್ಯೋ, ಬರ್ಬೇಡ್ರೀ! ಸೀರೆ ಉಟ್ಕೋತೀನಿ, ತಾಳಿ!"

ವಿಜ್ಞಾನ ಬಾಗಿಲ ಹೊರಗೆ ತಾಳಿತು. ಕೊನೆಗೂ ಒಳಗೆ ಹೋಗಿ ನೋಡಿದರೆ, ಚೀಲದ ತೂತುಗಳಲ್ಲಿ ಗುಂಡುಸೂಜಿಯ ತಲೆಯಂಥ ಬೂದು ಮೊಗ್ಗುಗಳ ಗೊಂಚಲು! ಕೆಲವೇ ದಿನಗಳಲ್ಲಿ ಅಂಗೈಯಗಲ ಅರಳಿ, ಚಿಪ್ಪಿನ ಮೇಲೆ ಚಿಪ್ಪು ಜೋಡಿಸಿದಂತೆ ನಿಂತವು. ಒಣಹುಲ್ಲು ಹೂಬಿಟ್ಟಿತ್ತು! ಮೊದಲ ಗೊಂಚಲನ್ನು ಕಿತ್ತು, ಯಾರಿಗೆ ತೋರಿಸಲಿ ಎಂದು ಅಂಗಳಕ್ಕೆ ಬಂದೆ.

ಅಷ್ಟರಲ್ಲಿ ಅಮ್ಮ ಚೀರಿದಳು. ಹುಳುಗಳ ಹಿಕ್ಕೆ ತುಂಬಿದ ಬುಟ್ಟಿಯನ್ನು ಹೊರಗೆ ಚೆಲ್ಲಿ ಹಿಂದಿರುಗಿದವಳು ಹುಳುಮನೆಯ ಹೊಸ್ತಿಲಲ್ಲೇ ಕುಸಿದು ಕೂತಿದ್ದಳು. ಅಂಗೈಯಲ್ಲಿ ಒಂದು ಹುಳು. ಉದ್ದಕ್ಕೂ ಬಿಳಿ ಪುಡಿ. ಅಲುಗಾಟವಿಲ್ಲ.

"ಬಂತು ಕಣೋ" ಎಂದಳು ಮೆಲ್ಲಗೆ.

ಬಯ್ಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೈಯಲ್ಲಿದ್ದ ಗೊಂಚಲನ್ನು ಎಲ್ಲಿ ಅಡಗಿಸುವುದೋ ತಿಳಿಯದೆ ಬೆನ್ನ ಹಿಂದೆ ಹಿಡಿದು ನಿಂತೆ. ಕಣ್ಣು ಮಾತ್ರ ಅಂಗಳದಾಚೆಯ ಹಿಪ್ಪುನೇರಳೆ ತೋಟದ ಕಡೆ ಹೋಯಿತು.

ಹೆಂಡತಿ ಬಂದು ಕುಕ್ಕರಿಸಿದಳು. ಹುಳುವನ್ನು ನೋಡಿದಳು, ನೆಲ ನೋಡಿದಳು. ಸುಣ್ಣದ ಗೆರೆಯ ನಡುವೆ ಏನೋ ಬಿದ್ದು ಹೊರಳಾಡಿದ ಗುರುತಿತ್ತು.

"ಅತ್ತೆ, ಅದನ್ನ ಒಸಿ ಊದಿ."

ಅಮ್ಮ ಊದಿದಳು. ಪುಡಿ ಹಾರಿತು. ಹುಳು ತಲೆಯೆತ್ತಿ, ಅಮ್ಮನ ಹೆಬ್ಬೆರಳು ಸೊಪ್ಪೋ ಅಲ್ಲವೋ ಎಂದು ಪರೀಕ್ಷಿಸತೊಡಗಿತು.

"ಸುಣ್ಣಕಟ್ಟು ಅಲ್ಲ ಅತ್ತೆ, ಬರೀ ಸುಣ್ಣ. ನೀವೇ ಹಾಕಿರೋದು."

ಅಮ್ಮ ಹುಳುವನ್ನು ನೋಡಿದಳು, ಗೆರೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಬುಟ್ಟಿಯಿಂದ ಜಾರೈತೆ, ಮುಂಡೇದು" ಎಂದು ನಗತೊಡಗಿದವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುವವರೆಗೂ ನಿಲ್ಲಲಿಲ್ಲ. ಆಮೇಲೆ ಎದ್ದು ತಟ್ಟೆಗಳನ್ನು ಒಂದೂ ಬಿಡದೆ ನೋಡಿ ಬಂದಳು. ಎಲ್ಲವೂ ಮೇಯುತ್ತಿದ್ದವು. ಆ ಸರಸರ ಸದ್ದು ನನಗೂ ಹೊರಗೆ ಕೇಳಿಸುತ್ತಿತ್ತು. ಗೆರೆ ದಾಟುವ ಅಪ್ಪಣೆ ಇನ್ನೂ ಸಿಕ್ಕಿರಲಿಲ್ಲ.

ಹುಳುಗಳು ಚಂದ್ರಿಕೆಯೆಂಬ ಬಿದಿರಿನ ತಟ್ಟಿ ಏರಿ ಗೂಡು ಕಟ್ಟುವವರೆಗೂ ಅಮ್ಮ ಅಣಬೆ ಮುಟ್ಟಲಿಲ್ಲ. ಗೂಡು ಬಿಡಿಸಿದ ದಿನ ತಾನೇ ತಟ್ಟೆ ಮುಂದೆ ಚಾಚಿದಳು. ಎರಡನೆಯ ಕೊಯ್ಲಿನ ಅಣಬೆ ಸಾರು. ಉಂಡು, ಬೆರಳು ನೆಕ್ಕಿ, ತೀರ್ಪು ಕೊಟ್ಟಳು: "ಕೋಳಿ ಸಾರಿನಂಗೇ ಐತೆ. ಕೋಳಿ ಒಂದೇ ಇಲ್ಲ."

"ಮಿಕ್ಕಿದ ಹುಲ್ಲು ಗೊಬ್ಬರ ಆಗುತ್ತಮ್ಮ."

"ಬದನೆಗೆ ಹಾಕು. ನನ್ನ ಹಿಪ್ಪುನೇರಳೆ ಹತ್ರ ತಂದ್ಯೋ, ಕಾಲು ಮುರೀತೀನಿ."

ತೋಟ ಉಳಿಯಿತು. ಮುಂದಿನ ಬೆಳೆಗೆ ಹುಳುಮನೆಯ ಹೊಸ್ತಿಲಲ್ಲಿ ಮತ್ತೆ ಸುಣ್ಣದ ಗೆರೆ ಬಂತು. ನಾನು ಚೀಲ ತೂಗುಹಾಕಲು ಹೋದರೆ ಬಚ್ಚಲಿನ ಹೊಸ್ತಿಲಲ್ಲೂ ಒಂದು ಗೆರೆ!

"ಇಲ್ಲೂ ಯಾಕಮ್ಮ?"

"ನಿನ್ ಅಣಬೆಗೆ ಇರುವೆ ಹತ್ತೀತು" ಎಂದಳು, ನನ್ನ ಮುಖ ನೋಡದೆ.