ಮುಳ್ಳು ನೋಡುತ್ತಿದ್ದವಳು

ಮೂರು ತಿಂಗಳಲ್ಲಿ ನನ್ನ ಹಳೆಯ ಬೈಕು ನನಗೆ ನಾಲ್ಕು ಸಲ ಒದೆಯಿತು. ಕಿಕ್ ಮೇಲೆ ಮೈಭಾರ ಬಿಟ್ಟು ತುಳಿದರೆ ಅದು ಅರ್ಧಕ್ಕೇ ತಿರುಗಿ ಮೇಲೆದ್ದು ಕಾಲಿಗೆ ಬಾರಿಸುತ್ತಿತ್ತು. ನಾಲ್ಕನೆಯ ಸಲ ಕಣಕಾಲು ಊದಿಕೊಂಡು ಚಪ್ಪಲಿಯೂ ಹಿಡಿಸಲಿಲ್ಲ. ಹೊನ್ನೂರಿಗೆ ಕೊಟ್ಟಿರುವ ಮಗಳು ಹನೂರಿನ ನನ್ನ ಮನೆಗೆ ಬಂದು ಕಾಲು ನೋಡಿದವಳೇ ರೇಗಿದಳು.

“ಅಪ್ಪಾ, ಇನ್ನೊಂದ್ಸಲ ಒದ್ರ ಮಾರ್ಬುಡದೇಯ. ಕಾಲ್ ಮುರ್ಕಂಡ್ರ ನೋಡೋರ್ ಯಾರು? ಅವ್ವನೂ ಇಲ್ಲ.”

ಹೆಂಡತಿ ತೀರಿಕೊಂಡು ಆಗಿನ್ನೂ ನಾಲ್ಕು ತಿಂಗಳು. ಅವಳ ಸೀರೆಗಳನ್ನೆಲ್ಲ ಮಗಳು ಹಂಚಿದಾಗ ನಾನು ಚಕಾರ ಎತ್ತಿರಲಿಲ್ಲ. ಗಾಡಿಯನ್ನು ಮಾತ್ರ ಬಿಟ್ಟುಕೊಡಲಾರೆ. ಇಪ್ಪತ್ತೆಂಟು ವರ್ಷ ಅವಳು ಅದರ ಹಿಂದೆ ಒಂದೇ ಕಡೆಗೆ ಕಾಲು ಹಾಕಿ ಕೂತು, ನಾನು ಓಡಿಸುವ ರೀತಿಯನ್ನು ಬೈಯುತ್ತಾ ಬಂದವಳು.

ಲಗೇಜ್ ಆಟೋಗೆ ಹೇರಿ ಕೊಳ್ಳೇಗಾಲಕ್ಕೆ ಒಯ್ದೆ. ಅಲ್ಲಿನ ಮೆಕ್ಯಾನಿಕ್ ನನ್ನ ವಯಸ್ಸಿನವನೇ, ಹಳೆ ಗಾಡಿಗಳಲ್ಲಿ ಪಳಗಿದ ಕೈ. ಪ್ಲಗ್ ಬಿಚ್ಚಿ ಉಜ್ಜಿದ, ಪಾಯಿಂಟಿನ ಸಂದಿ ಅಳೆದ, ಕಾರ್ಬುರೇಟರ್ ತೊಳೆದ. ಕಿಡಿ ಬೇಗ ಹಾರಿದರೂ ಗಾಡಿ ಒದೆಯುತ್ತದಂತೆ, ಟೈಮಿಂಗನ್ನೂ ನೋಡಿದ. ಕೊನೆಗೆ ಬಟ್ಟೆಯಲ್ಲಿ ಕೈ ಒರೆಸಿಕೊಂಡ.

“ಗಾಡೀಲೇನೂ ಇಲ್ಲ ಸಾ, ಎಲ್ಲಾ ಸರ್ಯಾಗದ. ನೀವೆಂಗ್ ಒದೀತೀರಿ, ವಸಿ ತೋರ್ಸಿ.”

ಕೀ ತಿರುಗಿಸಿದೆ. ಎಂಜಿನ್ನಿನ ಒತ್ತಡ ಬಿಡುವ ಎಡಗೈಯ ಚಿಕ್ಕ ಲಿವರ್ ಹಿಡಿದು ಕಿಕ್ಕನ್ನು ಮೆಲ್ಲಗೆ ಇಳಿಸುತ್ತಾ ಹೋಗಿ ನಿಂತೆ. ನಿಂತೇ ಇದ್ದೆ.

“ಯಾರ್ಗ ಕಾಯ್ತಿದ್ದೀರಿ ಸಾ?”

ಆಗ ಗೊತ್ತಾಯಿತು. ಹೆಡ್‌ಲೈಟಿನ ಮೇಲೆ ಕರೆಂಟ್ ತೋರಿಸುವ ಪುಟ್ಟ ಮೀಟರ್ ಇದೆ. ಕಿಕ್ ಇಳಿಸುವಾಗ ಅದರ ಮುಳ್ಳು ಅಲ್ಲಾಡಿ ನಡುವಿಗೆ ಬಂದು ನಿಂತರೆ ಪಿಸ್ಟನ್ ತುದಿ ದಾಟಿತೆಂದು ಅರ್ಥ. ಆಮೇಲೆ ಒದ್ದರೆ ಗಾಡಿ ತಿರುಗಿ ಒದೆಯುವುದಿಲ್ಲ. ಮದುವೆಯಾದ ಹೊಸದರಲ್ಲಿ ಯಳಂದೂರಿನ ಮೆಕ್ಯಾನಿಕ್ ಒಬ್ಬ ಇದನ್ನು ಹೇಳಿಕೊಡಲು ಬಂದಾಗ, ಇವನೇನು ನನಗೆ ಹೇಳುವುದು ಎಂದು ನಾನು ಟೀ ಕುಡಿಯಲು ಹೋಗಿದ್ದೆ. ನಿಂತು ಕೇಳಿಸಿಕೊಂಡವಳು ನನ್ನ ಹೆಂಡತಿ. ಅಂದಿನಿಂದ ದಿನಾ ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೀಟರಿನ ಮೇಲೆ ಬಗ್ಗಿ, “ಊಂ, ಬಂತು, ಒದೀರಿ” ಅನ್ನುವಳು. ನಾನು ಒದೆಯುವೆ. ಬೀದಿಯವರು ನಗುತ್ತಿದ್ದರು. ಅವಳಿಲ್ಲದ ಕಡೆ ಇಳಿಜಾರು ಹುಡುಕಿಕೊಂಡು ತಳ್ಳಿ ಸ್ಟಾರ್ಟ್ ಮಾಡಿದೆನೇ ಹೊರತು, ಆ ಮುಳ್ಳಿನ ಕಡೆ ಒಮ್ಮೆಯೂ ನೋಡಲಿಲ್ಲ. ಅಷ್ಟು ಜಂಬ ನನಗೆ. ಮುಳ್ಳು ನೋಡಿ ಹೇಳುತ್ತಿದ್ದವಳು ಈಗಿಲ್ಲ ಎಂದೆ.

“ಕನ್ನಡ್ಕ ಆಕಂಡು ನೀವೇ ಬಗ್ಗಿ ನೋಡಿ ಸಾ,” ಅಂದ ಮೆಕ್ಯಾನಿಕ್.

ನೋಡಿದೆ. ಮುಳ್ಳು ನಡುವಿಗೆ ಬಂತು. ಒದ್ದೆ. ಮೊದಲನೆಯ ಸಲಕ್ಕೇ ಸ್ಟಾರ್ಟ್ ಆಯಿತು. “ಇಷ್ಟೇ ಕಣ್ ಸಾ,” ಎಂದು ಅವನು ನಕ್ಕ. ಗಾಡಿ ಉಳಿಯಿತು, ಮಗಳು ಇನ್ನು ಮಾತಾಡುವಂತಿಲ್ಲ. ಆದರೂ ನನಗೆ ಚೂರೂ ಸಂತೋಷವಾಗಲಿಲ್ಲ. ಹೆಂಡತಿಯೇ ಬೇಕಾಗಿದ್ದ ಒಂದು ಕೆಲಸವನ್ನೂ ನಾನೇ ಕಲಿತುಬಿಟ್ಟಿದ್ದೆ.

ಹನೂರಿನ ರಸ್ತೆಯಲ್ಲಿ ಅರ್ಧ ದಾರಿ ಬಂದು, ಒಂದು ಹುಣಸೆಮರದ ಕೆಳಗೆ ಬೇಕೆಂದೇ ಎಂಜಿನ್ ಆರಿಸಿದೆ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡೆ. ಲಿವರ್ ಮುಟ್ಟದೆ, ಮೀಟರಿನ ಕಡೆ ನೋಡದೆ ಕಿಕ್ ಮೇಲೆ ನಿಂತೆ. ಊದಿದ ಕಾಲಾದರೂ ಪರವಾಗಿಲ್ಲ, ಇನ್ನೊಂದು ಸಲ ಒದೆಯಲಿ, ಅವಳಿಲ್ಲದೆ ಆಗುವುದಿಲ್ಲ ಎನ್ನಲಿ ಎಂದು ಆಸೆಯಾಯಿತು. ಕಣ್ಣು ಮುಚ್ಚಿ ತುಳಿದೆ.

ಎಂಜಿನ್ ಇನ್ನೂ ಬಿಸಿಯಿತ್ತು. ಒಂದೇ ಏಟಿಗೆ ಸ್ಟಾರ್ಟ್ ಆಯಿತು.